ನವಿಲಿನ ಮನೆಯ ನೀರು

ಹಕ್ಕಿಯೊಂದರ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಅವರ ಅವ್ವ ಅವರನ್ನು ಬಿಟ್ಟು ಒಂದು ಹೆಣ್ಣು ನವಿಲಿಗೆ ಬಾಣಂತನ ಮಾಡಲು ಬೆಂಗಳೂರಿಗೆ ಹೋಗಿದ್ದರೆ ಆಗ ಗೊತ್ತಾಗುತ್ತಿತ್ತು.

ನನ್ನ ತವರು ಆವತಿಯ ಬೆಟ್ಟದ ಮಗ್ಗುಲಿನ ಒಂದು ಊರು. ಆ ಕಡೆಯ ಹೊಲಗಳಿಗೆ ನವಿಲು ಇಳಿಯುವುದು ಹೊಸದೇನಲ್ಲ. ಒಂದು ಮುಂಗಾರಿನಲ್ಲಿ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ ಬದುವಿನ ಪೊದೆಯೊಳಗೆ ಅವ್ವನಿಗೆ ಒಂದು ಮೊಟ್ಟೆ ಸಿಕ್ಕಿತು. ತಾಯಿಯನ್ನು ನರಿ ಹಿಡಿದಿರಬೇಕು, ಸುತ್ತಲೂ ಪುಕ್ಕ ಚೆಲ್ಲಾಡಿತ್ತು. ಅವ್ವ ಮೊಟ್ಟೆಯನ್ನು ಸೆರಗಿಗೆ ಕಟ್ಟಿಕೊಂಡು ಬಂದು, ಕಾವಿಗೆ ಕೂತಿದ್ದ ನಮ್ಮ ಕೋಳಿಯ ಕೆಳಗಿಟ್ಟಳು. ಮರಿ ಹೊರಗೆ ಬಂತು. ಆಗ ನನಗೆ ಹದಿಮೂರೋ ಹದಿನಾಲ್ಕೋ. ಅಲ್ಲಿಯವರೆಗೆ ಆ ಮನೆಗೆ ನಾನೊಬ್ಬಳೇ ಮಗಳಾಗಿದ್ದೆ.

ಅವ್ವ ಬೆಳಗಾಗೆದ್ದು ಹುತ್ತ ಕೆದಕಿ ಗೆದ್ದಲು ತಂದು, ಅಂಗೈ ಮೇಲೆ ಹಾಕಿಕೊಂಡು ಅದಕ್ಕೆ ತಿನ್ನಿಸುತ್ತಿದ್ದಳು. ನನಗೆ ತಂಗಳು ಮುದ್ದೆ ಒಲೆಯ ಪಕ್ಕ ಇರುತ್ತಿತ್ತು, ಬೇಕಾದರೆ ಹಾಕಿಕೊಂಡು ತಿನ್ನಬೇಕಿತ್ತು. ಅದು ದೊಡ್ಡದಾಗುತ್ತಾ ಅವ್ವನ ಹಿಂದೆ ಹಿಂದೆಯೇ ಹೊಲಕ್ಕೆ ಹೋಗುವುದು, ಹಿಂದೆ ಹಿಂದೆಯೇ ಬರುವುದು. "ಲೇ, ನಿನ್ ತಂಗಿ ತಿಂದ್ಳಾ ನೋಡೇ" ಎಂದು ಅವ್ವ ನನ್ನನ್ನು ಕೂಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ತಂಗಿಯಂತೆ ತಂಗಿ! ಕಾಳು ಒಣಗಲು ಹಾಕಿದರೆ ಮುಕ್ಕುತ್ತಿತ್ತು, ನಾನು ಓಡಿಸಿದರೆ ನನ್ನ ಕಾಲಿಗೇ ಕುಕ್ಕುತ್ತಿತ್ತು.

ನನ್ನನ್ನು ಹೊಸಕೋಟೆ ಸೀಮೆಗೆ, ಜಡಿಗೇನಹಳ್ಳಿಯ ಹತ್ತಿರದ ಹಳ್ಳಿಯೊಂದಕ್ಕೆ ಮದುವೆ ಮಾಡಿ ಕೊಟ್ಟರು. ಮದುವೆಯ ದಿನ ಅವ್ವ ಅಳಲಿಲ್ಲ. ಬೀಗರಿಗೆ ಬಡಿಸುವುದು, ಪಾತ್ರೆ ಎತ್ತಿಡುವುದು, ಅದರಲ್ಲೇ ಮುಳುಗಿದ್ದಳು. ನಾನು ಗಾಡಿ ಹತ್ತುವಾಗ ತಲೆ ಸವರಿ, "ಹೋಗ್ಬಿಟ್ಟು ಬಾ ಮಗಾ" ಎಂದು ಒಳಗೆ ಹೋದಳು. ಕೆಲಸವಿರುವ ಹೆಂಗಸು, ಇರಲಿ ಬಿಡು ಎಂದುಕೊಂಡೆ.

ಮರುವರ್ಷ ನವಿಲಿನ ಮದುವೆಯಾಯಿತು. ಹಾಗೆಂದು ಎಲ್ಲರೂ ತಮಾಷೆ ಮಾಡುತ್ತಿದ್ದರು, ನಾನು ಹೇಳುತ್ತಿರುವುದಲ್ಲ. ಅವ್ವನ ತಮ್ಮ, ನನ್ನ ಸೋದರಮಾವ, ಬೆಂಗಳೂರಿನ ದೊಡ್ಡ ತೋಟವೊಂದರಲ್ಲಿ ಮಾಲಿಯಾಗಿದ್ದ. ಅಲ್ಲಿ ಗಾಜಿನ ಮನೆ, ಅದಕ್ಕೆ ಅಂಟಿಕೊಂಡ ಹಾಗೆ ಹಕ್ಕಿಮನೆ. ಹಕ್ಕಿಮನೆಯ ಗಂಡು ನವಿಲು ಒಂಟಿಯಾಗಿದೆ, ಒಂದು ಹೆಣ್ಣು ಬೇಕೆಂದು ಮೇಲಿನವರು ಹುಡುಕುತ್ತಿದ್ದಾರೆ ಎಂದು ಮಾವ ಬಂದು ಹೇಳಿದ. ಇತ್ತ ಅವ್ವನ ನವಿಲು ಬೆಳೆ ಹಾಳು ಮಾಡುತ್ತದೆಂದು ಊರವರ ದೂರು ಹೆಚ್ಚಾಗಿತ್ತು. ಅವ್ವ ಒಪ್ಪಿದಳು. ಅದರ ತಲೆಗೆ ಅರಿಶಿನ ಕುಂಕುಮ ಸೋಕಿಸಿ, ಮಕ್ಕರಿಯಲ್ಲಿ ಕೂರಿಸಿ, ಮೇಲೊಂದು ಹೊಸ ಪಂಚೆ ಮುಚ್ಚಿ ಕಳಿಸಿದಳಂತೆ. ಕಳಿಸಿದ ಮೇಲೆ ಬಾಗಿಲಲ್ಲಿ ಕೂತು ಗೊಳೋ ಎಂದು ಅತ್ತಳಂತೆ. ಎರಡು ದಿನ ಊಟ ಬಿಟ್ಟಳಂತೆ. ಸಂತೆಗೆ ಬಂದವರು ಇದನ್ನು ನಗುನಗುತ್ತಾ ನನಗೆ ಹೇಳಿದರು. ನಾನೂ ನಕ್ಕೆ. ಅವರು ಹೋದ ಮೇಲೆ ಕೈಯಲ್ಲಿದ್ದ ಮೊರವನ್ನು ಗೋಡೆಗೆ ಎಸೆದೆ.

ಈಗ ನಮ್ಮ ಮನೆಯ ಒಂದು ಶಾಸ್ತ್ರ ಹೇಳಬೇಕು. ಸುತ್ತಲಿನವರೆಲ್ಲ ಅದನ್ನು ಪಾಲಿಸುತ್ತಿರಲಿಲ್ಲ, ನನ್ನ ತವರಿನವರು ಮಾತ್ರ ಬಿಗಿಯಾಗಿ ಹಿಡಿದಿದ್ದರು. ಕೊಟ್ಟ ಮಗಳಿಗೆ ಒಂದು ಮಗುವಾಗುವ ತನಕ ಹೆತ್ತವರು ಅವಳ ಮನೆಯಲ್ಲಿ ಉಣ್ಣಬಾರದು, ಒಂದು ತೊಟ್ಟು ನೀರೂ ಮುಟ್ಟಬಾರದು. ಮದುವೆಯಾದ ಹೊಸದರಲ್ಲಿ ಅವ್ವ ಒಮ್ಮೆ ಬಂದಳು. ಜಗಲಿಯ ತುದಿಯಲ್ಲಿ ಕೂತು, ಮಾತಾಡಿ, ಒಣಗಿದ ತುಟಿಯಲ್ಲೇ ಎದ್ದು ಹೋದಳು. ಆಗ ಯಾರಿಗೂ ಏನೂ ಅನ್ನಿಸಲಿಲ್ಲ. ವರ್ಷವಾದ ಮೇಲೆ ಇನ್ನೊಮ್ಮೆ ಬಂದಾಗ ನಮ್ಮತ್ತೆ ಮರೆತು ಚೊಂಬು ತಂದರು. "ಬ್ಯಾಡಿ ಬೀಗಿತ್ತೀ, ಇನ್ನೂ ಕಾಲ ಬಂದಿಲ್ವಲ್ಲಾ" ಎಂದಳು ಅವ್ವ. ಎದುರು ಮನೆಯವಳು ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿದಳು. ಪಕ್ಕದ ಮನೆಯವಳು ಹೊಸಿಲಿಗೆ ಬಂದಳು. ಅವ್ವ ನೀರು ಬೇಡವೆಂದರೆ ನನಗೆ ಮಗುವಿಲ್ಲವೆಂದು ಬೀದಿಗೆಲ್ಲ ಡಂಗುರ ಸಾರಿದ ಹಾಗೆ. ಅತ್ತೆ ಚೊಂಬನ್ನು ಒಳಗೆ ತಂದು ಕುಕ್ಕಿದರು. ಅವರಿಗೂ ಅವಮಾನವೇ. ಆಮೇಲೆ ಅವ್ವ ನಮ್ಮೂರಿಗೆ ಬರುವುದನ್ನೇ ಬಿಟ್ಟಳು.

ಹೀಗಿರುವಾಗ ಮಳೆಗಾಲದ ಕೊನೆಗೆ ಮಾವ ನಮ್ಮೂರಿಗೇ ಬಂದ. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, "ನಿನ್ ತಂಗಿ ಮರಿ ಮಾಡವ್ಳೆ ಕಣವ್ವಾ, ನಾಲ್ಕು ಮರಿ!" ಎಂದ. ನನಗೆ ಮೊದಲು ಅರ್ಥವಾಗಲಿಲ್ಲ. ಅವ್ವ ಸಾಕಿದ ನವಿಲಿನ ಮಾತೆಂದು ಆಮೇಲೆ ಹೊಳೆಯಿತು. ನನ್ನ ನಂತರ ಮನೆ ಬಿಟ್ಟು ಹೋದ ಹಕ್ಕಿ, ನನಗಿಂತ ಮೊದಲು ತಾಯಿ! ಅದೂ ಒಂದಲ್ಲ, ನಾಲ್ಕು! ಅವ್ವ ನೋಡಲು ಬರುತ್ತಾಳೆ, ನೀನೂ ಬರಬೇಕೆಂದು ಹೇಳಿ ಕಳಿಸಿದ್ದಾಳೆ ಎಂದ. ಅತ್ತೆ ಅಡುಗೆ ಮನೆಯಿಂದ, "ಹೋಗ್ಬಿಟ್ಟು ಬಾರವ್ವಾ, ಅಲ್ಲಾದ್ರೂ ನಿಮ್ಮವ್ವನ್ನ ನೋಡ್ದಂಗಾಯ್ತದೆ" ಎಂದರು. ಆ 'ಅಲ್ಲಾದರೂ' ಎಂಬ ಮಾತು ನನಗೆ ಚುಚ್ಚಿತು.

ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿರುತ್ತಿದ್ದರು, ಅದು ಕೆಮ್ಮಿ ಕೆಮ್ಮಿ ಹೊರಡುವಷ್ಟರಲ್ಲಿ ಹೊಸಕೋಟೆಯಲ್ಲೇ ಅರ್ಧ ಬೆಳಗು ಹೋಯಿತು. ನಮ್ಮ ಮನೆಯವರು ನನ್ನನ್ನು ತೋಟದ ಬಾಗಿಲಿಗೆ ಬಿಟ್ಟು, ಸಂಜೆಗೆ ಬರುತ್ತೇನೆಂದು ಹಗ್ಗ, ನೇಗಿಲಿನ ಗುಳ ಕೊಳ್ಳಲು ಪೇಟೆಗೆ ಹೋದರು. ಅವ್ವ ಮಾವನ ಜೊತೆ ಆಗಲೇ ಬಂದು ಮರದ ಕೆಳಗೆ ಕೂತಿದ್ದಳು. ವರ್ಷದ ಮೇಲಾಗಿತ್ತು ನೋಡಿ. ಬಡವಾಗಿದ್ದಳು. ಓಡಿ ಹೋಗಿ ಅಪ್ಪಿಕೊಳ್ಳಬೇಕೆಂದು ಹೋದವಳು ಅವಳ ತೊಡೆಯ ಮೇಲಿದ್ದ ಗಂಟು ನೋಡಿ ಅಲ್ಲೇ ನಿಂತೆ.

"ಏನವ್ವಾ ಇದು ಇಷ್ಟು?" ಎಂದೆ.

"ಬಾಣಂತಿ ನೋಡಕ್ಕೆ ಬರಿಗೈಲಿ ಬರಕ್ಕಾಗ್ತದಾ?" ಎಂದಳು. ನವಣೆ, ಹುರಿದ ಕಡಲೆ, ಎಲೆಯಲ್ಲಿ ಸುತ್ತಿದ ಗೆದ್ದಲು. ಅದರ ಜೊತೆಗೆ ಕಪ್ಪು ದಾರಕ್ಕೆ ಪೋಣಿಸಿದ ಬಜೆಯ ತುಂಡುಗಳು. ದೃಷ್ಟಿಯಾಗದಿರಲೆಂದು ಎಳೆಗೂಸಿನ ಕೈಗೆ ಕಟ್ಟುತ್ತಾರಲ್ಲ, ಅದು. ತನ್ನ ಕೈಯಿಂದ ತೇಯ್ದು, ತೂತು ಮಾಡಿ, ಪೋಣಿಸಿದ್ದಳು. ಅದನ್ನು ನೋಡಿ ನಾನು ಮುಖ ತಿರುಗಿಸಿದೆ.

ಹಕ್ಕಿಮನೆಗೆ ಗಾಜಿನ ಮನೆಯ ಒಳಗಿನಿಂದಲೇ ದಾರಿ. ಒಳಗೆ ಕಾಲಿಟ್ಟೊಡನೆ ಬಿಸಿ ಹಬೆ ಮುಖಕ್ಕೆ ಬಡಿಯಿತು. ತಲೆಯ ಮೇಲೆಲ್ಲ ಗಾಜು, ಗಾಜಿನ ತುಂಬ ಹನಿ, ಹನಿ ತೊಟ್ಟಿಕ್ಕುವ ಸದ್ದು. ಕೆಸುವಿನಂಥ ಎಲೆಗಳು, ಆದರೆ ಒಂದೊಂದೂ ಮೊರದಗಲ. ಮರದ ತುಂಡಿಗೆ ಕಟ್ಟಿದ ಗಿಡಗಳು ಮಣ್ಣೇ ಇಲ್ಲದೆ ಹೂ ಬಿಟ್ಟಿದ್ದವು. ಹೂವೋ, ನೇರಳೆ ಬಣ್ಣದ ಚಿಟ್ಟೆಗಳು ಸಾಲಾಗಿ ಕೂತ ಹಾಗೆ. ಹಸಿ ಮಣ್ಣಿನ ವಾಸನೆಗೆ ಯಾವುದೋ ಸಿಹಿ ವಾಸನೆ ಬೆರೆತಿತ್ತು. ನನ್ನ ರವಿಕೆ ಬೆನ್ನಿಗೆ ಅಂಟಿಕೊಂಡಿತು.

"ಇವೆಲ್ಲ ಸಮುದ್ರದಾಚೆ ಮಳೆ ಕಾಡಿಂದು. ಚಳಿ ತಾಗಿದ್ರೆ ಸತ್ತೋಗ್ತವೆ. ಅದ್ಕೇ ಬಾಗಿಲು ಹಾಕಿ, ಹೊತ್ತು ಹೊತ್ತಿಗೆ ನೀರು ಎರಚಿ ಕಾಪಾಡ್ತೀವಿ" ಎಂದ ಮಾವ. ಅವನಿಗೆ ಹೆಮ್ಮೆ. ನನಗೆ ಆ ಗಿಡಗಳ ಮೇಲೂ ಹೊಟ್ಟೆ ಉರಿಯಿತು. ಹುಟ್ಟಿದ ನೆಲ ಬಿಟ್ಟು ಬಂದವಕ್ಕೆ ಏನು ಉಪಚಾರ, ಏನು ಕತೆ! ನಾನೂ ಊರು ಬಿಟ್ಟು ಬಂದವಳೇ. ನನಗೆ ಚಳಿಯಾಯಿತೇ ಎಂದು ಯಾರು ಕೇಳಿದ್ದರು?

ಅವ್ವ ಮಾತ್ರ ಸುತ್ತ ನೋಡಿ, ಸಂತೋಷದಿಂದ, "ಒಳ್ಳೇ ಬಾಣಂತಿ ಕೋಣೆ ಇದ್ದಂಗೈತೆ ಕಣೋ ತಮ್ಮಾ. ಬೆಚ್ಚಗೆ, ಗಾಳಿ ಆಡ್ದಂಗೆ. ಅವಳ ಪುಣ್ಯ" ಎಂದಳು. ನಾನು ಹಲ್ಲು ಕಚ್ಚಿಕೊಂಡು ಹಿಂದೆ ನಡೆದೆ.

ಕೊನೆಯ ಬಾಗಿಲು ದಾಟಿದರೆ ಹಕ್ಕಿಮನೆ. ಗಾಜಿನ ಬದಲು ತಂತಿ ಬಲೆ. ಗಿಳಿ, ಬೆಳವ, ಹೆಸರು ಗೊತ್ತಿಲ್ಲದ ಬಣ್ಣ ಬಣ್ಣದ ಸಣ್ಣ ಹಕ್ಕಿ, ಎಲ್ಲಾ ಸೇರಿ ಕಿವಿ ಕಿತ್ತು ಹೋಗುವ ಹಾಗೆ ಕೂಗುತ್ತಿದ್ದವು. ನವಿಲುಗಳಿಗೆ ಬೇರೆಯೇ ಒಂದು ಅಂಗಳ. ಗಂಡು ನವಿಲು ಒಂದು ಮೂಲೆಯಲ್ಲಿ ನಿಂತಿತ್ತು. ಗರಿ ಉದುರುವ ಕಾಲ, ಬಾಲವೆಲ್ಲ ಬೋಳಾಗಿ, ನೋಡಿದರೆ ನಗು ಬರುವಂತಿತ್ತು. ಅವ್ವ ತಟ್ಟನೆ ಸೆರಗು ತಲೆಯ ಮೇಲೆಳೆದುಕೊಂಡು ಪಕ್ಕಕ್ಕೆ ಸರಿದಳು. ಅಳಿಯನ ಮುಂದೆ ಅತ್ತೆ ನಿಲ್ಲಬೇಕಾದ ಹಾಗೆಯೇ! ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗಬ್ಯಾಡ ಕಣೋ. ಅಳಿಯ ಅಳಿಯನೇ" ಎಂದಳು ಅವ್ವ. ಅವಳೂ ನಗುತ್ತಿದ್ದಳು. ನನ್ನ ಮದುವೆಯಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ "ಬಾ ಬಾ ಬಾ ಬಾ" ಎಂದು ಹಳೆಯ ಹಾಗೆಯೇ ಕರೆದಳು. ಪೊದೆಯ ಹಿಂದಿನಿಂದ ಆ ಮಹಾತಾಯಿ ಕತ್ತು ಚಾಚಿತು. ಒಂದು ಗಳಿಗೆ ನಿಂತು ನೋಡಿ, ಓಡಿ ಬಂತು. ಅದರ ಹಿಂದೆ ಕಂದು ಬಣ್ಣದ ನಾಲ್ಕು ಮರಿಗಳು, ಕಾಲಿಗೆ ಕಾಲು ತೊಡರಿಸಿಕೊಂಡು. ಅವ್ವ ಬಲೆಯ ಕಂಡಿಯಲ್ಲಿ ಬೆರಳು ತೂರಿಸಿ ಅದರ ಕತ್ತು ಸವರಿದಳು. "ಬಡವಾಗಿದೀಯಲ್ಲೇ ನನ್ನವ್ವಾ, ಇಲ್ಲಿ ಹೊಟ್ಟೆ ತುಂಬ ಹಾಕ್ತಾರೋ ಇಲ್ವೋ" ಎಂದಳು. ಕಣ್ಣಲ್ಲಿ ನೀರು. ನಾನೂ ಬಡವಾಗಿದ್ದೆ. ಆ ಮಳೆಗಾಲದಲ್ಲಿ ಬಂದ ಜ್ವರದಲ್ಲಿ ಬಳೆ ಮೊಣಕೈಗೆ ಏರುವಷ್ಟು ಇಳಿದುಹೋಗಿದ್ದೆ. ಬಂದಾಗಿನಿಂದ ಅವ್ವ ಅದನ್ನು ನೋಡಿದ್ದಳೋ ಇಲ್ಲವೋ, ಬಾಯಲ್ಲಿ ಅಂದಿರಲಿಲ್ಲ.

ಗೆದ್ದಲು ಹಾಕಿದಳು, ನವಣೆ ಹಾಕಿದಳು. ಮರಿಗಳಿಗೆ ಬಜೆ ಕಟ್ಟಲು ಆಗುವುದಿಲ್ಲವೆಂದು ಮಾವ ತಡೆದಾಗ, ಆ ದಾರವನ್ನು ಬಲೆಯ ಗೂಟಕ್ಕೇ ಕಟ್ಟಿದಳು. ಬಿಸಿಲು ಏರಿತ್ತು. ಮಾವ ಮೂಲೆಯ ಮಣ್ಣಿನ ಹರವಿಯಿಂದ ತಂಬಿಗೆಯಲ್ಲಿ ನೀರು ತಂದುಕೊಟ್ಟ. ಅವ್ವ ಎತ್ತಿ ಗಟಗಟನೆ ಕುಡಿದಳು.

ಮಾವನಿಗೆ ತಮಾಷೆಯ ಚಟ. "ಏನಕ್ಕಾ! ಮಗಳ ಮನೇಲಿ ನೀರು ಕುಡಿದ್ಬಿಟ್ಟೆ!" ಎಂದ.

"ಕುಡುದ್ರೇನಾಯ್ತು? ಅವಳಿಗೆ ಮಕ್ಕಳಾಗ್ಬಿಟ್ಟವಲ್ಲಾ" ಎಂದಳು ಅವ್ವ ನಗುತ್ತಾ.

ಅಂದವಳು ನನ್ನ ಕಡೆ ತಿರುಗಿದಳು. ನಗು ಅಲ್ಲಿಗೇ ನಿಂತಿತು. ಆದರೆ ಮಾತು ಆಗಲೇ ಹೊರಗೆ ಬಂದಾಗಿತ್ತು.

ನನಗೆ ಎಲ್ಲಿತ್ತೋ ಅಷ್ಟು ಸಿಟ್ಟು! "ಹಂಗಾದ್ರೆ ಇಲ್ಲೇ ಇದ್ದು ಬಾಣಂತನ ಮಾಡ್ಕೋ! ಊಟ ಮಾಡು, ನೀರು ಕುಡಿ, ಹಾಸ್ಕೊಂಡು ಮಲ್ಕೋ! ನಾನ್ಯಾಕೆ ಬೇಕು ನಿಂಗೆ? ನಿನ್ ಮಗಳು ಇವಳೇ ಕಣೆ, ನಾನಲ್ಲ" ಎಂದು ಕಿರುಚಿದೆ. ಹೆತ್ತವಳನ್ನು ಹೋಗೇ ಬಾರೇ ಎಂದದ್ದು ಅದೇ ಮೊದಲು. ಗಿಳಿಗಳೆಲ್ಲ ಒಮ್ಮೆಲೇ ಸುಮ್ಮನಾದವು. ನವಿಲು ಮರಿಗಳನ್ನು ಕರೆದುಕೊಂಡು ಪೊದೆಯೊಳಗೆ ಸೇರಿತು. ಅದಕ್ಕೆ ಸೇರಿಕೊಳ್ಳಲು ಪೊದೆಯಿತ್ತು. ನಾನು ಗಾಜಿನ ಮನೆಗೆ ಓಡಿ, ಒಂದು ದೊಡ್ಡ ಎಲೆಯ ಹಿಂದೆ ಕೂತು, ಮುಖ ಮುಚ್ಚಿಕೊಂಡು ಅತ್ತೆ. ಆ ಸೆಕೆಯಲ್ಲಿ ಬೆವರು ಯಾವುದು, ಕಣ್ಣೀರು ಯಾವುದು ಗೊತ್ತಾಗುವಂತಿರಲಿಲ್ಲ.

ತುಂಬ ಹೊತ್ತಾದ ಮೇಲೆ ಅವ್ವ ಬಂದು ಪಕ್ಕದಲ್ಲಿ ಕೂತಳು. ಸಮಾಧಾನ ಮಾಡಲಿಲ್ಲ.

"ನಿಮ್ಮತ್ತೆ ಏನಾದ್ರೂ ಅಂತಾರಾ?" ಎಂದು ಕೇಳಿದಳು.

"ಇಲ್ಲ."

"ನಿನ್ ಗಂಡ?"

"ಯಾರೂ ಏನೂ ಅನ್ನಲ್ಲ. ಅನ್ನೋಳು ನೀನೇ. ಬೀದಿ ಜಗಲೀಲಿ ಕೂತ್ಕೊಂಡು ನೀರು ಬ್ಯಾಡ ಅಂತೀಯಲ್ಲ, ಅದು ಸಾಕು. ಊರೆಲ್ಲ ನನ್ ಹೊಟ್ಟೆ ನೋಡ್ತದೆ."

ಗಾಜಿನಿಂದ ಒಂದು ಹನಿ ಅವ್ವನ ಕೈ ಮೇಲೆ ಬಿತ್ತು, ಅದನ್ನು ಸೆರಗಿನಿಂದ ಒರೆಸಿಕೊಂಡಳು. ನನ್ನ ಕೈ ಎಳೆದುಕೊಂಡು ಬಳೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದಳು. "ನಮ್ಮವ್ವ ಹಂಗೇ ಮಾಡಿದ್ಳು ಕಣೆ. ನೀನು ಹುಟ್ಟೋಗಂಟ, ಏಳು ವರ್ಷ" ಎಂದಳು. ಅದನ್ನು ನಾನು ಕೇಳಿರಲೇ ಇಲ್ಲ. "ನಿಂಗೆ ಹೆಂಗಿತ್ತು ಆಗ?" ಎಂದೆ. ಅವಳು ನನ್ನ ಬಳೆಯನ್ನು ಮಣಿಕಟ್ಟಿಗೆ ಇಳಿಸಿ, ಸೆರಗು ಕೊಡವಿಕೊಂಡು ಎದ್ದಳು.

ಸಂಜೆ ನಮ್ಮ ಮನೆಯವರು ಹಗ್ಗದ ಸುರುಳಿ ಹೊತ್ತುಕೊಂಡು ಬಂದರು. ಅವ್ವ ಮಾವನ ಜೊತೆ ದೇವನಹಳ್ಳಿಯ ಕಡೆಗೆ, ನನ್ನ ತವರಿಗೆ ಹೊರಡಬೇಕಾಗಿತ್ತು. "ನಾನು ಇವರ ಜೊತೆ ಹೋಗ್ತೀನಿ ಕಣೋ" ಎಂದಳು ಮಾವನಿಗೆ. ಮಾವ ಬಾಯಿ ಬಿಟ್ಟುಕೊಂಡು ನಿಂತ. ಬಸ್ಸಿನಲ್ಲಿ ನಾನು ಅವ್ವನಿಗೆ ಬೆನ್ನು ಮಾಡಿ ಕೂತೆ. ನನ್ನ ಸಿಟ್ಟು ಇಳಿದಿರಲಿಲ್ಲ. ಬಂದು ಮತ್ತೆ ಜಗಲಿಯ ತುದಿಯಲ್ಲಿ ಕೂತು, ಒಣ ಬಾಯಲ್ಲಿ ನಾಲ್ಕು ಮಾತಾಡಿ, ನನ್ನ ಮಾನ ಇನ್ನಷ್ಟು ಕಳೆದು ಹೋಗುತ್ತಾಳೆ ಎಂದುಕೊಂಡೆ.

ನಾವು ತಲುಪಿದಾಗ ದೀಪ ಹಚ್ಚಿ ಆಗಿತ್ತು, ಒಳ್ಳೆ ಬೆಳದಿಂಗಳು. ಬೀದಿಯವರೆಲ್ಲ ಹೊರಗೇ ಇದ್ದರು. ಅತ್ತೆ ಬಾಗಿಲಿಗೆ ಬಂದು, "ಬರ್ರಿ ಬೀಗಿತ್ತೀ" ಎಂದು ಜಗಲಿಗೆ ಚಾಪೆ ಹಾಸಿದರು. ನೀರು ತರಲಿಲ್ಲ. ಹಿಂದಿನ ಸಲದ್ದು ಅವರು ಮರೆತಿರಲಿಲ್ಲ. ಎದುರು ಮನೆಯವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಏನೋ ನೆಪ ಮಾಡಿಕೊಂಡು ನಮ್ಮ ಬಾಗಿಲ ಬಳಿಯೇ ನಿಂತಳು.

ಅವ್ವ ಚಾಪೆಯ ಮೇಲೆ ಕೂರಲಿಲ್ಲ. ಬಾಗಿಲು ದಾಟಿ ಒಳಗೆ ಬಂದಳು. ನಡುಮನೆಯ ಕಂಬಕ್ಕೆ ಒರಗಿ ಕೂತು, ಬೀದಿಗೆ ಕೇಳುವ ಹಾಗೆ, "ಬಾಯಾರೈತೆ ಬೀಗಿತ್ತೀ. ಮಗಳ ಕೈಲಿ ಒಂದು ಚೊಂಬು ನೀರು ಕೊಡಿಸ್ರಿ" ಎಂದಳು.

ಅತ್ತೆ ತಬ್ಬಿಬ್ಬಾದರು. "ನೀವು... ನಿಮ್ಮ ಶಾಸ್ತ್ರ..." ಎಂದರು.

"ಶಾಸ್ತ್ರ ಕುಡುದ್ರೆ ಬಾಯಾರಿಕೆ ಹೋಗ್ತದಾ? ನೀರು ಕೊಡ್ರಿ. ಆಮೇಲೆ ಮುದ್ದೆ ಇದ್ರೆ ಅದನ್ನೂ ಹಾಕ್ರಿ, ಉಣ್ಣುತೀನಿ."

ನಾನು ಅಡುಗೆ ಮನೆಗೆ ಓಡಿದೆ. ನೀರಿನ ಕೊಡ ಬಗ್ಗಿಸಿದೆ, ಖಾಲಿ. ಕುಡಿಯುವ ನೀರನ್ನು ಊರಾಚೆಯ ಸಿಹಿನೀರ ಬಾವಿಯಿಂದ ನಾನೇ ತರುತ್ತಿದ್ದೆ. ಆ ದಿನವೆಲ್ಲ ಬೆಂಗಳೂರಿನಲ್ಲಿದ್ದೆ, ಯಾರು ತರಬೇಕು? ಹಿತ್ತಲ ಬಾವಿಯದು ಸವಳು ನೀರು, ಪಾತ್ರೆ ತೊಳೆಯಲು, ದನಕ್ಕೆ ಮಾತ್ರ. ಬಾಯಿಗೆ ಹಾಕಿದರೆ ಉಪ್ಪು. ಆದರೆ ಸಿಹಿನೀರಿಗೆಂದು ಹೋಗಿ ಬರುವಷ್ಟರಲ್ಲಿ ಅವ್ವನ ಮನಸ್ಸು ತಿರುಗಿಬಿಟ್ಟರೆ? ಹಿತ್ತಲ ಕೊಡದಲ್ಲೇ ಚೊಂಬು ಅದ್ದಿ ತಂದು ಅವಳ ಮುಂದಿಟ್ಟೆ. ಅತ್ತೆ ನೋಡಿ, "ಅಯ್ಯೋ, ಅದು ಸವಳು ಕಣೇ!" ಎಂದು ಪಿಸುಗುಟ್ಟಿದರು.

ಅವ್ವ ಆಗಲೇ ಎತ್ತಿ ಬಾಯಿಗೆ ಸುರಿದುಕೊಳ್ಳುತ್ತಿದ್ದಳು. ಮೊದಲ ಗುಟುಕಿಗೆ ಅವಳ ಹುಬ್ಬು ಒಂದಿಷ್ಟು ಗಂಟಾಯಿತು. ನಾನು ನೋಡಿದೆ. ಆದರೂ ಚೊಂಬು ಕೆಳಗಿಳಿಸಲಿಲ್ಲ. ಗಂಟಲು ಏರಿಳಿಯುತ್ತಾ, ತಳದವರೆಗೂ ಕುಡಿದಳು.

ನನಗೆ ತಡೆಯಲಾಗಲಿಲ್ಲ. ಆಗಲೂ ಆ ಹಕ್ಕಿಯದೇ ಯೋಚನೆ. "ಅಲ್ಲಿ ನೀರಿನಂಗೆ ಇರಾಕಿಲ್ಲ ಬಿಡು ನಮ್ದು" ಎಂದೆ.

ಅವ್ವ ಬಾಯಿ ಒರೆಸಿಕೊಂಡಳು. "ಅಲ್ಲಿದೇನು ನೀರು, ಬರೀ ಸಪ್ಪೆ" ಎಂದಳು. "ನಿನ್ ಮನೇದೇ ಸಿಹಿ ಕಣೆ" ಎಂದು, ಇನ್ನೊಮ್ಮೆ ತುಂಬಿಸಲು ಖಾಲಿ ಚೊಂಬನ್ನು ನನ್ನ ಕಡೆ ಚಾಚಿದಳು.